ಸಿದ್ದಮ್ಮಜ್ಜಿಯ ಗೋಡೆಯಲ್ಲಿ ತಾತನ ಸೈಕಲ್ಲು

ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಓದುವುದು ಜಾಹೀರಾತು. ಸುದ್ದಿಯಲ್ಲಿ ಯಾರಾದರೂ ಸತ್ತಿರುತ್ತಾರೆ, ಇಲ್ಲವೇ ರಾಜೀನಾಮೆ ಕೊಟ್ಟಿರುತ್ತಾರೆ. ಜಾಹೀರಾತಿನಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿ ನಗುತ್ತಿರುತ್ತಾರೆ. ಈ ಚಟ ಸಂಶೋಧನೆಯ ಮಟ್ಟಕ್ಕೆ ಏರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಹೆಂಡತಿ ವನಜ ನಮ್ಮ ತಾತನ ಸೈಕಲ್ಲನ್ನು ಗುಜರಿಗೆ ಹಾಕುತ್ತೇನೆಂದು ಹೊರಟಾಗ.

ಅವಳದೂ ತಪ್ಪಿಲ್ಲ. ಮಗ್ಗೆಯ ಬಳಿ ನಮ್ಮದು ಸಣ್ಣ ಕಾಫಿ ತೋಟ, ಅದಕ್ಕಿಂತ ಸಣ್ಣ ಸ್ಟೋರು. ಕೊಯ್ಲು ಶುರುವಾದರೆ ಮೂಟೆ ಇಡಲು ಜಾಗವಿಲ್ಲ. ಸೈಕಲ್ಲು ಮಾತ್ರ ಗೋಡೆಗೊರಗಿ ಮನೆಯ ಯಜಮಾನನಂತೆ ನಿಂತಿರುತ್ತಿತ್ತು. "ಈ ಸಲ ಕೊಯ್ಲಿನೊಳ್ಗೆ ಅದು ಹೋಗ್ಬೇಕು. ಇಲ್ದಿದ್ರೆ ಮೂಟೆ ನಿಮ್ಮ ಮಂಚದ ಮೇಲೆ ಬರ್ತವೆ ಕಣ್ರೀ" ಎಂದಳು. ನನಗೆ ಸಂಕಟವಾಯಿತು. ಆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತೇ ನಾನು ಮೊದಲ ಸಲ ಬಾಳ್ಳುಪೇಟೆ ನೋಡಿದ್ದು. ಹಾಗೆಂದರೆ ನಗುತ್ತಾಳೆಂದು, "ಅದು ಅಂತಿಂಥ ಸೈಕಲ್ಲಲ್ಲ, ಇಂಗ್ಲೆಂಡಿಂದ ಹಡಗಲ್ಲಿ ಬಂದಿದ್ದು" ಎಂದುಬಿಟ್ಟೆ.

"ತೋರ್ಸಿ ಮತ್ತೆ" ಎಂದಳು.

ತೋರಿಸುವುದು ಹೇಗೆ? ಕಂಪನಿಯ ಹೆಸರಿದ್ದ ಬಿಲ್ಲೆ ಉದುರಿಹೋಗಿ ಯಾವ ಕಾಲವಾಗಿತ್ತೋ. ಉಳಿದದ್ದು ಒಂದೇ ದಾರಿ, ಹಳೆಯ ಪತ್ರಿಕೆಗಳ ಜಾಹೀರಾತಿನಲ್ಲಿ ಇದರ ಚಿತ್ರ ಹುಡುಕುವುದು. ದೊಡ್ಡ ಊರಿನ ಸಂಶೋಧಕರಿಗೆ ಗ್ರಂಥಾಲಯ ಇರುತ್ತದೆ; ನನಗೆ ಆಚೆಮನೆ ಸಿದ್ದಮ್ಮಜ್ಜಿಯ ಗೋಡೆಗಳಿದ್ದವು. ಮಣ್ಣಿನ ಗೋಡೆ ಪುಡಿ ಉದುರಬಾರದೆಂದು ಅಜ್ಜಿ, ಮದುವೆಯಾಗಿ ಬಂದ ಲಾಗಾಯ್ತಿನಿಂದ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಓದಿಬಿಟ್ಟ ಪತ್ರಿಕೆಗಳನ್ನು ತಂದು ಗಂಜಿ ಬಳಿದು ಅಂಟಿಸುತ್ತಲೇ ಇದ್ದರು. ಒಳಗೆ ಹೋದಷ್ಟೂ ಇತಿಹಾಸ ಹಿಂದಕ್ಕೆ ಹೋಗುತ್ತಿತ್ತು. ಜಗಲಿಯಲ್ಲಿ ಮೊನ್ನೆಯ ಚುನಾವಣೆ, ನಡುಮನೆಯಲ್ಲಿ ಟ್ರಾನ್ಸಿಸ್ಟರು, ಅಡುಗೆಮನೆಯಲ್ಲಿ ಯುದ್ಧಕಾಲದ ಸಾಬೂನು.

ಟಾರ್ಚು ಹಿಡಿದು ದಿನಾ ಹೋಗತೊಡಗಿದೆ. ಕೆಲವು ಪುಟ ತಲೆಕೆಳಗಾಗಿ ಅಂಟಿದ್ದವು. ಒಂದು ದಿನ ಹಾಗೊಂದನ್ನು ಬಗ್ಗಿ, ಕಾಲಸಂದಿಯಿಂದ ಓದುತ್ತಿರುವಾಗ ಅಜ್ಜಿ ಕಾಫಿ ತಂದರು.

"ಏನ್ ಕಳ್ಕಂಡೆ ಮಾರಾಯ?"

"ಸೈಕಲ್ ಹುಡುಕ್ತಾ ಇದೀನಿ ಅಜ್ಜಿ."

"ಗೋಡೇಲಾ? ವನಜಂಗೆ ಗೊತ್ತೈತಾ?"

ಗೋಡೆಯ ಸೈಕಲ್ ಜಾಹೀರಾತುಗಳ ಸವಾರರದು ಬೇರೆಯೇ ಲೋಕ. ಕೋಟು, ಟೈ, ತಲೆಗೊಂದು ಟೋಪಿ, ಮೈಮೇಲೆ ಒಂದು ಹನಿ ಬೆವರಿಲ್ಲ. ರಸ್ತೆಯಂತೂ ಗೆರೆ ಎಳೆದಷ್ಟು ಸಪಾಟು. ನಮ್ಮ ಕಡೆ ಸೈಕಲ್ಲೆಂದರೆ ಏರಿನಲ್ಲಿ ತಳ್ಳಿಕೊಂಡು ಹೋಗುವ, ಇಳಿಜಾರಿನಲ್ಲಿ ದೇವರ ಮೇಲೆ ಭಾರ ಹಾಕುವ ವಾಹನ. ತಾತ ಬಾಳ್ಳುಪೇಟೆಗೆ ಸೈಕಲ್ಲಲ್ಲಿ ಹೋಗಿಬರುತ್ತಿದ್ದರು ಎಂದರೆ, ಅರ್ಧ ದಾರಿ ತಾತನೇ ಸೈಕಲ್ಲನ್ನು ಕರೆದುಕೊಂಡು ಹೋಗುತ್ತಿದ್ದರು ಎಂದು ತಿಳಿಯಬೇಕು.

ಕೊನೆಗೆ ಒಲೆಯ ಮೇಲ್ಗಡೆ, ಹೊಗೆ ಹಿಡಿದ ಒಂದು ಮೂಲೆಯಲ್ಲಿ ಸಿಕ್ಕಿತು. ಅದೇ ಹ್ಯಾಂಡಲ್ಲು, ಅದೇ ಚೈನ್ ಕವರು, ಅದೇ ಬುಡ್ಡಿದೀಪ. ಕೆಳಗೆ, "ಇಂಗ್ಲೆಂಡಿನಲ್ಲಿ ತಯಾರಾದದ್ದು. ಮೊಮ್ಮಗನ ಕಾಲಕ್ಕೂ ಬಾಳುವುದು." ಮೊಮ್ಮಗನಾದ ನನ್ನ ಕಣ್ಣು ಮಂಜಾಯಿತು. ಸ್ವಲ್ಪ ಹೊಗೆಯಿಂದ, ಸ್ವಲ್ಪ ನಿಜವಾಗಿಯೂ.

ಓಡಿಹೋಗಿ ವನಜಳನ್ನು ಕರೆತಂದೆ. ಅವಳು ಓದಿ, ತಲೆಯಾಡಿಸಿ, ಪಕ್ಕದ ಪುಟಕ್ಕೆ ಬೆರಳಿಟ್ಟಳು. ಅಲ್ಲಿಯೂ ಅದೇ ಚಿತ್ರ, ಅದೇ ಕೋಟಿನ ಮನುಷ್ಯ. ಕೆಳಗೆ ಬೇರೊಂದು ಕಂಪನಿಯ ಹೆಸರು. ಇನ್ನೊಂದು ಮೊಳ ಆಚೆ ಮತ್ತೆ ಅದೇ ಚಿತ್ರ. ಕೆಳಗೆ ಮಂಡಿನೋವಿನ ಎಣ್ಣೆ! ಆ ಕಾಲದ ಮುದ್ರಣಾಲಯದವರು ಒಂದೇ ಒಂದು ಸೈಕಲ್ಲಿನ ಅಚ್ಚು ಇಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಒತ್ತಿಕೊಡುತ್ತಿದ್ದರು ಎಂಬುದು ನನ್ನ ಸಂಶೋಧನೆಯ ಏಕೈಕ ಫಲ.

"ನಿಮ್ಮ ತಾತಂದು ಎಣ್ಣೆ ಕಂಪ್ನಿ ಸೈಕಲ್ಲಿರ್ಬೇಕು ಕಣ್ರೀ" ಎಂದಳು ವನಜ. ಅಜ್ಜಿಗೆ ನಕ್ಕೂ ನಕ್ಕೂ ಕೆಮ್ಮು ಬಂತು.

ಸಂಶೋಧನೆ ಕೈಕೊಟ್ಟ ಮೇಲೆ ವಿದ್ವಾಂಸರು ಏನು ಮಾಡುತ್ತಾರೋ ತಿಳಿಯದು. ನಾನು ಬಾಳ್ಳುಪೇಟೆಗೆ ಹೋಗಿ ಗುಜರಿ ರಂಗಣ್ಣನಿಗೆ ಟೀ, ಬೋಂಡ ಕೊಡಿಸಿದೆ. ಬೋಂಡ ಮುಗಿಯುವುದರೊಳಗೆ ಜಾಹೀರಾತಿನ ಎರಡು ವಾಕ್ಯ ಬಾಯಿಪಾಠ ಮಾಡಿಸಿದೆ. ಮರುದಿನ ಅವನು ನಮ್ಮ ಸ್ಟೋರಿಗೆ ಬಂದ. ಸೈಕಲ್ಲನ್ನು ಒಂದು ಸುತ್ತು ಹಾಕಿ, ಸೀಟು ಸವರಿ, ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತು ಒಪ್ಪಿಸಿದ: "ಇದು ಇಂಗ್ಲೆಂಡಿನಲ್ಲಿ ತಯಾರಾದದ್ದು. ಮೊಮ್ಮಗನ ಕಾಲಕ್ಕೂ ಬಾಳುವುದು." ಆಮೇಲೆ ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದ: "ಇಂಥಾದ್ನ ನಾನು ತಕ್ಕಂಡೋಗಿ ಮುರ್ದಾಕಿದ್ರೆ ಪಾಪ ಸುತ್ಕಂತದೆ ಕಣಮ್ಮಾ."

ವನಜ ಅವನನ್ನೇ ನೋಡಿದಳು. "ಬೋಂಡ ಎಷ್ಟು ತಿನ್ಸುದ್ರು ರಂಗಣ್ಣ?"

"ಎರಡೇ ಕಣಮ್ಮಾ" ಎಂದ ಆ ಪುಣ್ಯಾತ್ಮ. ಅವನಿಗೆ ಸುಳ್ಳು ಕಲಿಸಿದ್ದೆನೇ ಹೊರತು ಅಡ್ಡಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ.

ವನಜ ತೂತುಬಿದ್ದ ಡ್ರಮ್ಮು, ಮುರಿದ ಬಕೆಟ್ಟು ಕೊಟ್ಟು ಅವನನ್ನು ಕಳಿಸಿದಳು. ಸೈಕಲ್ಲನ್ನು ತಾನೇ ದೂಡಿಕೊಂಡು ಬಂದು ನಮ್ಮ ಮಂಚದ ಪಕ್ಕ ನಿಲ್ಲಿಸಿದಳು.

"ಹಂಗಾದ್ರೆ ಇಂಗ್ಲೆಂಡಿಂದು ಅಂತ ನಂಬಿದ್ಯಾ?" ಎಂದೆ, ನಾಚಿಕೆಯಿಲ್ಲದೆ.

"ಅದ್ನ ಯಾರ್ ನಂಬ್ತಾರೆ? ಗುಜರಿಯೋನಿಗೆ ಬೋಂಡ ತಿನ್ಸೋವಷ್ಟು ಆಸೆ ಐತೆ ನಿಮ್ಗೆ. ಇದು ನಂಗೆ ಬೇಕು ಅಂತ ಬಾಯ್ಬಿಟ್ಟು ಒಂದ್ ಮಾತು ಹೇಳಿದ್ರೆ ನಾನೇನ್ ಬ್ಯಾಡ ಅಂತಿದ್ನಾ?"

ಇಷ್ಟು ಜಾಹೀರಾತು ಓದಿಯೂ ನನಗೆ ಹೊಳೆಯದ ಸಂಗತಿ ಇದು. ಅವಳು ಮಾಲನ್ನು ನೋಡಿರಲೇ ಇಲ್ಲ; ಜಾಹೀರಾತು ಕೊಟ್ಟವನ ಮುಖ ನೋಡಿದ್ದಳು.

ಸೈಕಲ್ಲು ಇಂದಿಗೂ ಅಲ್ಲೇ ಇದೆ. ಬೆಳಗ್ಗೆ ಮಂಚದಿಂದ ಇಳಿಯುವಾಗ ಅದರ ಪೆಡಲು ತಪ್ಪದೆ ನನ್ನ ಮಂಡಿಗೆ ಬಡಿಯುತ್ತದೆ. ಆ ಎಣ್ಣೆ ಕಂಪನಿಯವರು ಸುಮ್ಮನೆ ಈ ಚಿತ್ರ ಹಾಕಿರಲಿಲ್ಲ.