ತಂಗಿ ಫೋಟೋಕ್ಕ ಸೋದರತ್ತಿ ತಕರಾರು

ನೋಡ್ರಪಾ ದೋಸ್ತರ, ಇವತ್ತು ನನ್ನ ಹೊಸ ಫ್ಲಾಶಿನ ಸಲುವಾಗಿ ಮನ್ಯಾಗ ಜಗಳ ಆತು. ಗಂಡಿನ ಕಡಿಯವರಿಗೆ ಕಳಿಸಾಕ ತಂಗಿ ಫೋಟೋ ಬೇಕಾಗಿತ್ತು. ಫೋಟೋ ತಗಿಯೂದು ಈಗೀಗ ಕಲಿಯಾಕತ್ತೇನಲ್ಲ, ಫ್ಲಾಶ್ ಕ್ಯಾಮೆರಾದಿಂದ ಬಿಚ್ಚಿ ಮಗ್ಗಲಕ್ಕ ಇಟ್ಟೆ. ಬೆಳಕು ಮೆತ್ತಗ ಬೀಳ್ಲಿ ಅಂತ ಅದರ ಮುಂದ ಅಪ್ಪನ ಬಿಳಿ ಧೋತರ ಕಟ್ಟಿದೆ. ಫೋಟೋದಾಗ ತಂಗಿ ಇದ್ದಂಗ ಬಂದ್ಲು, ಕಪ್ಪಗ, ಚಂದಾಗಿ.

ಸುರಪುರದಿಂದ ಬಂದಿದ್ದ ಸೋದರತ್ತಿ ನೋಡಿ ಮಾರಿ ಕಿವುಚಿದ್ಲು. "ಬೆಳಕು ಜೋರ್ ಮಾಡೋ, ಬೆಳ್ಳಗ ಕಾಣ್ಲಿ!"

ನಾ ಬಾಯಿ ತೆಗಿಯೂದ್ರಾಗ ತಂಗೀನ ಅಂದ್ಲು, "ಅತ್ತಿ, ಅವರು ನೋಡಾಕ ಬಂದಾಗ ಅಣ್ಣ ಫ್ಲಾಶ್ ಹಿಡ್ಕೊಂಡು ನನ್ನ ಮಗ್ಗಲ ಕುಂದರ್ತಾನೇನು?"

ಅದ ಫೋಟೋ ಕಳಿಸೀವಿ. ಕೆಳಗ ತಂಗಿ ತಾನ ಬರದಾಳ: "ಹುಡುಗಂದೂ ಇದ್ದಂಗ ತಗದು ಕಳಸ್ರಿ. ಬೇಕಂದ್ರ ಧೋತರ ನಾವ ಕೊಡ್ತೀವಿ."