ಸರಸಕ್ಕನೂ ಭೂತಾನದ ಕರೆಂಟೂ

ಅಲೆವೂರಿನಲ್ಲಿ ಸರಸಕ್ಕನಿಗೆ ಹೆದರದವರೆಂದರೆ ಬೆಕ್ಕುಗಳು ಮಾತ್ರ. ಹುಟ್ಟಿದ್ದು ಕಾಪುವಿನ ಕಡಲ ಕರೆಯಲ್ಲಿ. ಮದುವೆಯಾಗಿ ಅಲೆವೂರಿಗೆ ಬಂದು, ಬುಟ್ಟಿ ಹೊತ್ತು ಮಣಿಪಾಲದ ಏರು ಹತ್ತಿ ಇಳಿದು, ಈಗ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುತ್ತಾಳೆ. ಡಾಕ್ಟರರ ಮನೆಗೂ ಪ್ರೊಫೆಸರರ ಮನೆಗೂ ಅವಳದೇ ಮೀನು. ಜೊತೆಗೆ, ಯಾವ ಮೀನಿಗೆ ಯಾವ ಮಸಾಲೆ, ಮಗಳನ್ನು ಎಲ್ಲಿಗೆ ಕೊಡಬೇಕು, ಸರಕಾರ ಏನು ಮಾಡಬೇಕು ಎಂಬ ಸಲಹೆಯನ್ನೂ ಉಚಿತವಾಗಿ ಕೊಡುತ್ತಾಳೆ. ಗಂಡ ಅಂಗಾರ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಆ ಗದ್ದಲದಲ್ಲಿ ಕಿವಿ ಅರ್ಧ ಹೋಗಿತ್ತು. ಉಳಿದರ್ಧ ಇದ್ದೂ ಇಲ್ಲದಂತೆ ಇರುವ ವಿದ್ಯೆಯನ್ನು ಅವನು ಸಂಸಾರದಲ್ಲಿ ಕಲಿತಿದ್ದ.

ಅವರ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ.

"ಯಾವ ಊರು ನಿಂದು?"

"ಭೂತಾನ್."

"ಹೆದರಿಸ್ಬೇಡ ಮಾರಾಯ್ತಿ. ಭೂತ ನಮ್ಮಲ್ಲಿಯೂ ಉಂಟು. ವರ್ಷಕ್ಕೊಮ್ಮೆ ಕೋಲ ಕೊಡ್ತೇವೆ."

ಹುಡುಗಿಯ ಹೆಸರು ಚಿಮಿ. ಸರಸಕ್ಕನ ಬಾಯಲ್ಲಿ ಅದು ಎರಡೇ ದಿನದಲ್ಲಿ ಚಿಮಿಣಿ ಆಯಿತು. ಸೀಮೆಎಣ್ಣೆಯ ದೀಪಕ್ಕೆ ಇಲ್ಲಿ ಹಾಗೆನ್ನುತ್ತಾರೆ ಎಂದು ತಿಳಿದಾಗ ಚಿಮಿ ಬಹಳ ಹೊತ್ತು ನಕ್ಕಳು. ಅವಳು ಓದುತ್ತಿದ್ದದ್ದೇ ವಿದ್ಯುತ್ತು. ಅವಳ ಪುಟ್ಟ ದೇಶ ಬದುಕುವುದೂ ಬಹುಪಾಲು ವಿದ್ಯುತ್ತು ಮಾರಿ.

ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಚಿಮಿ ಕನ್ನಡ ಕಲಿತಿದ್ದಳು. ಸರಸಕ್ಕನಿಂದಲೇ ಕಲಿತದ್ದರಿಂದ ಅದರಲ್ಲಿ ಬೈಗುಳ ಸ್ವಲ್ಪ ಹೆಚ್ಚಿತ್ತು. ಒಂದು ಸಂಜೆ ಜಗಲಿಯಲ್ಲಿ ಬಂಗುಡೆ ಕತ್ತರಿಸುತ್ತಿದ್ದ ಸರಸಕ್ಕ, "ಅಷ್ಟು ದಪ್ಪದ ಪುಸ್ತಕದಲ್ಲಿ ಎಂತ ಉಂಟು?" ಎಂದು ಕೇಳಿದಳು.

ಚಿಮಿ ವಿವರಿಸಿದಳು. ತಮ್ಮಲ್ಲಿ ಬೆಟ್ಟ ತುಂಬ, ನದಿ ತುಂಬ, ಜನ ಕಡಿಮೆ. ಮಳೆಗಾಲದಲ್ಲಿ ನದಿ ಉಕ್ಕುತ್ತದೆ. ಆಗ ತಯಾರಾದ ಕರೆಂಟಿನಲ್ಲಿ ತಮಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಇಂಡಿಯಾಕ್ಕೆ ಮಾರುತ್ತಾರೆ. ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿ ನದಿ ಸೊರಗಿದಾಗ ಇಂಡಿಯಾದಿಂದಲೇ ಕೊಳ್ಳುತ್ತಾರೆ.

ಸರಸಕ್ಕ ಕತ್ತಿ ಕೆಳಗಿಟ್ಟಳು. "ಇರುವಾಗ ಮಾರುವುದು, ಇಲ್ಲದಾಗ ಕೊಳ್ಳುವುದು! ಇದಕ್ಕೆ ಪುಸ್ತಕ ಬೇರೆಯಾ? ಮಳೆಗಾಲಕ್ಕೆಂದು ಎಲ್ಲ ಕೂಡಿಡ್ತಿದ್ದ ನನ್ನ ಅತ್ತೆ ಇದ್ದಿದ್ದರೆ ನಿಮ್ಮ ಮಂತ್ರಿಯನ್ನು ಅಂಗಳಕ್ಕೆ ಸೇರಿಸ್ತಿರಲಿಲ್ಲ."

"ಈ ಬಂಗುಡೆ ಎಲ್ಲಿಂದ ಅಕ್ಕಾ?"

ಆಗ ಜುಲೈ. ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಡದಲ್ಲಿ. ಬಂಗುಡೆ ತಮಿಳುನಾಡಿನ ಲಾರಿಯಲ್ಲಿ ಬಂದದ್ದು.

"ಸೀಸನ್ನಿನಲ್ಲಿ ನಿಮ್ಮ ಮೀನು ಅಲ್ಲಿಗೂ ಹೋಗ್ತದೆ, ಅಲ್ವಾ?"

ಅಂಗಾರ ಬಾಗಿಲ ಕಡೆ ತಿರುಗಿ ಕೆಮ್ಮಿದ. ನಕ್ಕದ್ದು ಗೊತ್ತಾಗಬಾರದೆಂದು. ಸರಸಕ್ಕ ಮತ್ತೆ ಕತ್ತಿ ಎತ್ತಿಕೊಂಡು, "ಮೀನು ಬೇರೆ, ಕರೆಂಟು ಬೇರೆ. ಹೋಗಿ ಓದ್ಕೋ" ಎಂದಳು.

ಮರುದಿನ ಬೆಳಿಗ್ಗೆ ಗಾಳಿ ಎದ್ದಿತು. ಅಲೆವೂರಿನ ದಾರಿಗಡ್ಡ ದೊಡ್ಡ ಹಲಸಿನ ಮರ ಮಲಗಿತು. ಮಲಗುವಾಗ ಎರಡು ಕಂಬಗಳನ್ನೂ ಜೊತೆಗೆ ಕರೆದುಕೊಂಡಿತು. ಕರೆಂಟು ಹೋಯಿತು. ಸರಸಕ್ಕನ ಪ್ರಾಣವೆಲ್ಲ ಹಿಂದಿನ ಕೋಣೆಯ ಫ್ರೀಜರಿನಲ್ಲಿತ್ತು. ಅದರಲ್ಲಿ ಅಂಜಲ್, ಬಂಗುಡೆ, ಸಿಗಡಿ ತುಂಬಿತ್ತು. ರಜೆಯಲ್ಲಿ ಐಸ್ ಪ್ಲಾಂಟುಗಳೂ ಮುಚ್ಚಿದ್ದವು.

ಲೈನ್‌ಮ್ಯಾನ್ ಬೀರಪ್ಪ ಬಂದು ಬಿದ್ದ ಮರವನ್ನು ನೋಡಿದ. ಅವನು ಬಾಗಲಕೋಟೆ ಕಡೆಯವನು.

"ಯಕ್ಕಾ, ಇದು ಲಗೂನ ಆಗೂ ಕೆಲಸ ಅಲ್ಲ. ನಾಳೆ ಸಂಜೀಗೆ ಬಂದ್ರ ಬಂತು."

"ನಾಳೆ ಸಂಜೆಗೆ ನನ್ನ ಮೀನು ತಾನಾಗಿಯೇ ಎದ್ದು ನಡೀತದೆ!"

ಮಧ್ಯಾಹ್ನದ ಹೊತ್ತಿಗೆ ಸರಸಕ್ಕ ಮಹಡಿ ಹತ್ತಿದಳು. "ಚಿಮಿಣಿ, ನಿನ್ನ ಅಪ್ಪ ಕರೆಂಟಿನ ಕಾರ್ಖಾನೆಯಲ್ಲಿ ಅಲ್ವಾ? ಫೋನು ಮಾಡು. ಸ್ವಲ್ಪ ಈಚೆ ಬಿಡ್ಲಿಕ್ಕೆ ಹೇಳು."

ಕಂಬವೇ ಬಿದ್ದಿರುವಾಗ ಎಲ್ಲಿಂದ ಬಿಟ್ಟರೂ ಬಾರದು ಎಂದು ಚಿಮಿ ಹೇಳಿ ನೋಡಿದಳು. ಕೊನೆಗೆ ವಾದಕ್ಕಿಂತ ವಿಡಿಯೋ ಕರೆಯೇ ಸುಲಭವೆಂದು ಅಪ್ಪನಿಗೆ ಫೋನು ಮಾಡಿದಳು. ಅವಳ ಅಪ್ಪ ದೋರ್ಜಿ ಅಣೆಕಟ್ಟಿನಲ್ಲಿ ಕೆಲಸಗಾರ; ಹಿಂದಿ ಬಲ್ಲವನು. ಸರಸಕ್ಕನ ಹಿಂದಿ ಮೀನಿಗಷ್ಟೇ ಸಾಕಾಗುವಂಥದ್ದು. ಚಿಮಿ ನಡುವೆ ನಿಂತಳು.

ಅಹವಾಲು ಕೇಳಿದ ದೋರ್ಜಿ ನಗುತ್ತ ಫೋನನ್ನು ಆಚೆ ತಿರುಗಿಸಿದ. ಬಾಗಿಲು ತೆರೆದ ಅಣೆಕಟ್ಟಿನಿಂದ ನೀರು ಹಾಲು ಉಕ್ಕಿದಂತೆ ಹಾರಿ ಬೀಳುತ್ತಿತ್ತು. ಸರಸಕ್ಕ ಫೋನನ್ನು ಮುಖದ ಹತ್ತಿರ ಹಿಡಿದಳು.

"ಅಷ್ಟು ನೀರು ಯಾಕೆ ಬಿಡುವುದು?"

"ಯಂತ್ರಗಳೆಲ್ಲ ತಿರುಗ್ತಾ ಉಂಟಂತೆ ಅಕ್ಕಾ. ಇನ್ನೂ ನೀರು ಬರ್ತಾ ಉಂಟು. ಹಿಡಿದಿಡ್ಲಿಕ್ಕೆ ಜಾಗ ಇಲ್ಲ."

"ಹಾಗಾದ್ರೆ ಅದು ದಂಡವಾ?"

"ದಂಡ. ಜನವರಿಯಲ್ಲಿ ಇದೇ ನೀರಿಗೆ ಕಾಯ್ತೇವೆ."

ಸರಸಕ್ಕ ಸುಮ್ಮನಾದಳು. ಇದು ಅಪರೂಪದ ಘಟನೆಯಾದ್ದರಿಂದ ಅಂಗಾರ ಮೆಟ್ಟಿಲ ಬುಡಕ್ಕೆ ಬಂದು ಇಣುಕಿದ. ಅವಳು ಹುಡುಗಿಯಾಗಿದ್ದಾಗ ಒಮ್ಮೆ ಕಾಪುವಿನಲ್ಲಿ ಬೂತಾಯಿ ಮೀನು ರಾಶಿ ರಾಶಿ ಬಿದ್ದು, ಕೇಳುವವರಿಲ್ಲದೆ ಅವಳ ಅಮ್ಮ ಬುಟ್ಟಿಗಟ್ಟಲೆ ಮೀನನ್ನು ಗೊಬ್ಬರಕ್ಕಾದರೂ ಆಗಲೆಂದು ತೆಂಗಿನ ಬುಡಕ್ಕೆ ಸುರಿದಿದ್ದಳು. ಸುರಿಯುವಾಗ ಅತ್ತಿದ್ದಳು. ಅದೇ ವರ್ಷ ಮಳೆಗಾಲದಲ್ಲಿ ಒಣಮೀನಿಗೂ ಗತಿಯಿರಲಿಲ್ಲ.

"ಪಾಪ," ಎಂದಳು ಸರಸಕ್ಕ ಫೋನಿಗೆ. "ನಿಮ್ಮಲ್ಲಿ ತೆಂಗಿನ ಮರವೂ ಇಲ್ಲ."

ಚಿಮಿ ಇದನ್ನು ಹಿಂದಿಗೆ ತಿರುಗಿಸಲಿಲ್ಲ. ದೋರ್ಜಿ ಮಾತ್ರ ಮುಖ ನೋಡಿಯೇ ಏನೋ ಅರ್ಥವಾದವನಂತೆ ತಲೆಯಾಡಿಸಿದ.

ಕೆಳಗಿಳಿದ ಸರಸಕ್ಕ ಸೆರಗು ಸಿಕ್ಕಿಸಿದಳು. "ದಂಡ ಆಗ್ಲಿಕ್ಕೆ ಬಿಡುವುದಿಲ್ಲ. ಒಲೆ ಹಚ್ಚಿ!" ಬಚ್ಚಲಿನ ಒಲೆಯೂ ಹತ್ತಿತು, ಹಿತ್ತಿಲ ಕೊಟ್ಟಿಗೆಯಲ್ಲಿ ಮೂರು ಕಲ್ಲೂ ಸೇರಿದವು. ಅಂಗಾರ ತೆಂಗಿನಕಾಯಿ ತುರಿದು ತುರಿದು ಕೈ ಸೋತ. ನೆರೆಮನೆಯ ಆಲ್ಫೋನ್ಸ್ ದೊಡ್ಡ ಪಾತ್ರೆ ಕೊಟ್ಟು ಬಳಗದೊಂದಿಗೆ ಬಂದ. ಚಿಮಿಯ ಗೆಳತಿಯರು ಮಣಿಪಾಲದಿಂದ ಕೊಡೆ ಹಿಡಿದು ಬಂದರು. ಮರುದಿನವೂ ಒಲೆ ಆರಲಿಲ್ಲ. ಕಂಬ ನಿಲ್ಲಿಸಿ ಸೋತು ಬಂದ ಬೀರಪ್ಪನನ್ನು ಎಳೆದು ಕೂರಿಸಿದ್ದಾಯಿತು. ರೊಟ್ಟಿ ತಿಂದು ಬೆಳೆದವನು ಅಂಜಲ್ ಹುರಿದದ್ದನ್ನು ಮೊದಲು ಅನುಮಾನದಿಂದ ಮುಟ್ಟಿದ. ಆಮೇಲೆ ಅನುಮಾನಕ್ಕೆ ಬಿಡುವಾಗಲಿಲ್ಲ.

ಕೊನೆಯ ತುಂಡು ಬಡಿಸಿ, ಸರಸಕ್ಕ ಫ್ರೀಜರ್ ತೊಳೆದು ಒರೆಸಿ ಮುಚ್ಚಳ ಹಾಕುವಷ್ಟರಲ್ಲಿ ಅದು 'ಗುಂಯ್' ಎಂದಿತು. ಕರೆಂಟು ಬಂದಿತ್ತು.

"ಈಗ ಎಂತ ಬಂದದ್ದು? ಊಟಕ್ಕಾ?" ಎಂದು ಅವಳು ಫ್ರೀಜರಿಗೇ ಬೈದಳು.

ಮೌಖಿಕ ಪರೀಕ್ಷೆಯ ದಿನ ಚಿಮಿ ತನ್ನ ದೇಶದ ವಿದ್ಯುತ್ ವ್ಯಾಪಾರವನ್ನು ಬಂಗುಡೆಯ ಉದಾಹರಣೆ ಕೊಟ್ಟು ವಿವರಿಸಿದಳು. ಪರೀಕ್ಷಕರಿಬ್ಬರೂ ಸರಸಕ್ಕನ ಗಿರಾಕಿಗಳು. ಉದಾಹರಣೆ ಎಲ್ಲಿಯದೆಂದು ಅವರು ಕೇಳಲಿಲ್ಲ. ಈ ವಾರ ಸಿಗಡಿ ಬಂದಿದೆಯೇ ಎಂದು ಕೇಳಿದರು.

ಓದು ಮುಗಿಸಿ ಚಿಮಿ ಊರಿಗೆ ಹೋದಳು. ಹೋಗುವಾಗ ಒಣಸಿಗಡಿಯ ಪೊಟ್ಟಣ ಹಿಡಿಸಿ, ಸರಸಕ್ಕ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಜನವರಿಯ ಒಂದು ಸಂಜೆ ಚಿಮಿಯ ಫೋನು ಬಂತು. ಹೊರಗೆ ಹಿಮ, ನದಿ ಬಡಕಲಾಗಿದೆ, ಈಗ ಮನೆಯ ಹೀಟರಿಗೆ ಇಂಡಿಯಾದ ಕರೆಂಟೂ ಬೇಕು ಎಂದಳು.

"ನಮ್ಮ ಕಾಪು ಕಡೆ ಕಲ್ಲಿದ್ದಲು ಉರಿಸಿ ಮಾಡ್ತಾರಲ್ಲ, ಅದಾ?"

"ಯಾವ ಕಡೆಯದ್ದು ಅಂತ ಹೇಳ್ಲಿಕ್ಕಾಗುವುದಿಲ್ಲ ಅಕ್ಕಾ. ಎಲ್ಲ ಸೇರಿ ಬರುವುದು."

"ಕಾಪುವಿನದ್ದೇ," ಎಂದು ಸರಸಕ್ಕ ತೀರ್ಪು ಕೊಟ್ಟು ಫೋನಿಟ್ಟಳು. ಜಗಲಿಯ ಬಲ್ಬು ಆರಿಸಿದಳು. ಒಳಗೆ ಬಂದು ಅಂಗಾರ ಟಿವಿಯಲ್ಲಿ ನೋಡುತ್ತಿದ್ದ ಕಬಡ್ಡಿಯನ್ನೂ ಆರಿಸಿದಳು.

"ಎಂತ ಮಾರಾಯ್ತಿ, ಕೊನೆಯ ರೈಡು!"

"ಅಲ್ಲಿ ಹುಡುಗಿ ಚಳಿಗೆ ನಡುಗ್ತಾಳೆ. ನಿಮಗೆ ರೈಡು!"

ಅಂಗಾರ ಹೆಗಲಿಗೆ ಟವೆಲು ಹಾಕಿಕೊಂಡು ಆಲ್ಫೋನ್ಸನ ಮನೆಗೆ ನಡೆದ. ಅಲ್ಲಿ ಯಾರಿಗೂ ಇನ್ನೂ ಭೂತಾನದ ಚಿಂತೆ ಹತ್ತಿರಲಿಲ್ಲ.