ಬಲಗೈ ಎತ್ತಿ ಸೂರ್ಯನಿಗೆ ಗುರಿಯಿಡುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಪರದೆಗಳು, ಕುರ್ಚಿಯ ಬೆನ್ನಿಗೆ ನೇತುಬಿದ್ದ ಸ್ವೆಟರ್. ಐವತ್ತರ ಹತ್ತಿರದ ಹೆಂಗಸೊಬ್ಬರು ಥಟ್ಟನೆ ಎದ್ದು ನಿಂತು ಬಲಗೈ ಎತ್ತುತ್ತಾರೆ. "ಪ್ಲಸ್ ಒಂಬೈನೂರ ಹತ್ತು, ಪಶ್ಚಿಮ" ಎಂದು ಗಟ್ಟಿಯಾಗಿ ಓದುತ್ತಾರೆ. ಹಿಂದೆ ಕೂತ ಸಹೋದ್ಯೋಗಿ ಅವರ ಕೈ ನೋಡಿ, "ಬಲಗೈ, ಪಶ್ಚಿಮ, ಸರಿ" ಎಂದು ಒಪ್ಪಿಸುತ್ತಾರೆ. ಶಾಲೆಯ ಕವಾಯತು ನೆನಪಾಗಿ ನನಗೆ ನಗು ತಡೆಯುವುದಿಲ್ಲ.

"ನಕ್ಕುಬಿಡಿ, ಪರ್ವಾಗಿಲ್ಲ. ಈ ಕೈ ಎತ್ತೋ ಬುದ್ಧಿ ಪೆಟ್ಟು ತಿಂದು ಕಲಿತಿದ್ದು," ಎನ್ನುತ್ತಾರೆ.

ಕಚೇರಿಯಲ್ಲಿ ಎಲ್ಲರಿಗೂ ಇವರು ಪ್ಲಾನ್ ಅಕ್ಕ. ಆರುನೂರು ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತ, ಎಕ್ಸ್-ರೇ ಬೆಳಕಿನಲ್ಲಿ ಸೂರ್ಯನನ್ನು ನೋಡುವ ದೂರದರ್ಶಕಕ್ಕೆ ದಿನಚರಿ ಬರೆಯುವುದು ಇವರ ಕೆಲಸ. ಈ ಬೆಳಕನ್ನು ಗಾಳಿಯೇ ನುಂಗಿಬಿಡುವುದರಿಂದ ನೆಲದಲ್ಲಿ ಕೂತವರಿಗೆ ಅದು ಕಾಣದು. ಸೂರ್ಯನ ಮೈಮೇಲಿನ ಕಲೆಗಳ ಬುಡವನ್ನು ಸೂಕ್ಷ್ಮವಾಗಿ ನೋಡಲು ಮಾತ್ರ ಗುಡ್ಡದ ಮೇಲಿನ ವೀಕ್ಷಣಾಲಯಗಳೇ ಬೇಕು. ಹಾಗಾಗಿ ಮೇಲಿನ ಕಣ್ಣು, ಕೆಳಗಿನ ಕಣ್ಣು ಒಂದೇ ಹೊತ್ತಿಗೆ ಒಂದೇ ಕಲೆಯ ಮೇಲಿರಬೇಕು. ದಿನಕ್ಕೆ ಸಾವಿರದ ನಾನೂರು ಸಾಲು ಆದೇಶ, ಮೂರು ವೀಕ್ಷಣಾಲಯಗಳಿಗೆ ಫೋನು. ಅದನ್ನೆಲ್ಲ ಮೇಲಕ್ಕೆ ಕಳಿಸಲು ಸಿಗುವುದು ಎಂಟೇ ನಿಮಿಷ. ಆಮೇಲೆ ತಿಪ್ಪರಲಾಗ ಹಾಕಿದರೂ ಮಾರನೆಯ ದಿನದವರೆಗೆ ಏನೂ ಬದಲಾಗುವುದಿಲ್ಲ.

ಇವರು ಸೇರಿದ್ದು ಟೈಪಿಂಗ್ ಕೆಲಸಕ್ಕೆ. ವಿಜ್ಞಾನಿಗಳು ಬರೆದುಕೊಟ್ಟ ಅಂಕಿಗಳನ್ನು ಕುಟ್ಟುತ್ತ ಕುಟ್ಟುತ್ತ ಸೂರ್ಯನನ್ನೇ ಕಲಿತುಬಿಟ್ಟರು. ಹನ್ನೊಂದು ವರ್ಷದಿಂದ ನಾಲ್ಕೂಕಾಲಿಗೆ ಏಳುತ್ತಾರೆ. ಮಗಳನ್ನು ಒಂದು ದಿನವೂ ಜಡೆ ಹಾಕಿ ಶಾಲೆಗೆ ಕಳಿಸಲಾಗಲಿಲ್ಲ ಎಂಬ ಕೊರಗು ಇದೆ. ಆ ಕೆಲಸ ಅತ್ತೆಯ ಪಾಲಿಗೆ ಬಂತು. "ನಮ್ಮತ್ತೆ ಕೇಳ್ತಾರೆ, ಸೂರ್ಯ ಎಲ್ಲಿದಾನೆ ಅಂತ ನೋಡೋಕೆ ಕಿಟಕಿ ತೆಗೆದ್ರೆ ಸಾಲ್ದೇನೇ ಅಂತ. ನಾನೇನು ಹೇಳ್ಲಿ? ನಮ್ಮ ರೂಮಿಗೆ ಕಿಟಕೀನೇ ಇಲ್ವಲ್ಲ!"

ಪೆಟ್ಟು ಬಿದ್ದದ್ದು ಎರಡು ವರ್ಷದ ಹಿಂದೆ. ಭೂಪಟದಲ್ಲಿ ಪಶ್ಚಿಮ ಎಡಕ್ಕಿದ್ದರೆ ಸೂರ್ಯನ ಚಿತ್ರದಲ್ಲಿ ಬಲಕ್ಕೆ; ಆದೇಶದಲ್ಲಿ ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್. ಒಂದು ದಿನ ಪ್ಲಸ್ ಇರಬೇಕಾದಲ್ಲಿ ಮೈನಸ್ ಬಿತ್ತು. ಗುಡ್ಡದ ಮೇಲಿನ ವೀಕ್ಷಕರು, ಅಕ್ಕ ಫೋನಿನಲ್ಲಿ 'ಅಣ್ಣ' ಎಂದು ಕರೆಯುವವರು, ಬಲ ಅಂಚಿನ ಕಲೆ ಸಿಡಿದದ್ದನ್ನು ಚೊಕ್ಕವಾಗಿ ಹಿಡಿದರು. ದೂರದರ್ಶಕ ಮಾತ್ರ ಎಡ ಅಂಚಿನ ಖಾಲಿ ಜಾಗ ನೋಡುತ್ತ ದಿನ ಕಳೆಯಿತು. "ಅಯ್ಯೋ, ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು. ಆ ಅಣ್ಣ ಬೈದಿದ್ರೆ ತಡ್ಕೋತಿದ್ದೆ. 'ಮನುಷ್ಯರು ತಾನೆ, ಬಿಡಮ್ಮ' ಅಂದ್ರು. ಅದೇ ಇವತ್ತಿಗೂ ಚುಚ್ಚುತ್ತೆ."

ಆ ಗುಡ್ಡದಣ್ಣ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಸಿಡಿತವೊಂದರ ಹುಟ್ಟನ್ನು ಇಬ್ಬರೂ ಜೊತೆಗೆ ಹಿಡಿದದ್ದು ಇನ್ನೂ ಇಲ್ಲ. ಈಗ ಅಂಚಿಗೆ ಬಂದಿರುವ ಕಲೆ ನಾಳೆ ಸೂರ್ಯನ ಹಿಂಬದಿಗೆ ಸರಿದು ಮರೆಯಾಗುತ್ತದೆ. ಗುಡ್ಡದ ಮೇಲೆ ಆರು ದಿನದಿಂದ ಮೋಡ. ಆರೂಹತ್ತಕ್ಕೆ ಹಿರಿಯ ವಿಜ್ಞಾನಿಯ ಸಂದೇಶ ಬರುತ್ತದೆ: ಅಂಚಿನ ಕಲೆ ಬಿಟ್ಟು ನಡುವಿನ ಹೊಸ ಕಲೆಗೆ ತಿರುಗಿಸಿ.

ಅಕ್ಕ ಗುಡ್ಡಕ್ಕೆ ಫೋನು ಹಚ್ಚುತ್ತಾರೆ. "ಅಣ್ಣ, ಆಕಾಶ ಹೇಗಿದೆ?"

"ಮುಚ್ಕೊಂಡಿದೆ ಕಣಮ್ಮ. ಆದ್ರೆ ಗಾಳಿ ತಿರುಗಿದೆ. ಎಂಟೂವರೆಗೆ ಬಿಡುತ್ತೆ."

"ಖಾತ್ರೀನಾ?"

"ಮೂವತ್ತು ವರ್ಷದಿಂದ ಹೆಂಡ್ತಿ ಮುಖಕ್ಕಿಂತ ಜಾಸ್ತಿ ಈ ಆಕಾಶ ನೋಡಿದೀನಿ."

ಅಕ್ಕ ಹಿರಿಯ ವಿಜ್ಞಾನಿಗೆ ಫೋನು ಮಾಡುತ್ತಾರೆ. "ಸಾರ್, ಇವತ್ತೊಂದಿನ ಅಂಚಲ್ಲೇ ಇರ್ಲಿ. ಹೆಚ್ಚುಕಡಿಮೆ ಆದ್ರೆ ನನ್ನ ತಲೆ ಮೇಲೆ." ಆ ಕಡೆಯಿಂದ ಒಂದು ನಿಟ್ಟುಸಿರು, ಒಪ್ಪಿಗೆ. ಆರೂನಲವತ್ತಕ್ಕೆ ಎಂಟು ನಿಮಿಷದ ಸಂಪರ್ಕ ಸಿಗುತ್ತದೆ, ಆದೇಶಗಳು ಮೇಲೆ ಹೋಗುತ್ತವೆ.

ಎಂಟು ಮೂವತ್ತೈದಕ್ಕೆ ಗುಡ್ಡ ತೆರೆದುಕೊಳ್ಳುತ್ತದೆ. ಒಂಬತ್ತೂ ನಾಲ್ಕಕ್ಕೆ ಫೋನು. "ಸಿಡೀತು ಕಣಮ್ಮ! ಕಣ್ಮುಂದೇನೇ ಸಿಡೀತು!" ಅಕ್ಕ ಕುಣಿಯುವುದಿಲ್ಲ. ಮೇಲಿನ ಚಿತ್ರಗಳು ಇಳಿದುಬರುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಗುರಿ ಬರೆದ ಆದೇಶದ ಸಾಲನ್ನು ನಾಲ್ಕು ಸಲ ತೆರೆದು, ನಾಲ್ಕು ಸಲವೂ ಪ್ಲಸ್ ಇದೆಯೇ ಎಂದು ನೋಡುತ್ತಾರೆ. ಹೋದ ಆದೇಶವನ್ನು ಈಗ ನೋಡಿ ಏನು ಉಪಯೋಗ ಎಂದರೆ ನನ್ನನ್ನೇ ಗದರುತ್ತಾರೆ.

ಹನ್ನೊಂದೂಕಾಲಿಗೆ ಪರದೆಯ ಮೇಲೆ ಬಲ ಅಂಚು ಮೂಡುತ್ತದೆ. ಮಂಕಾಗಿದ್ದ ಒಂದು ಕಮಾನು ಚಿತ್ರದಿಂದ ಚಿತ್ರಕ್ಕೆ ಬೆಳಗುತ್ತ, ಒಂಬತ್ತೂ ನಾಲ್ಕಕ್ಕೆ ಭಗ್ಗೆಂದು ಉರಿಯುತ್ತದೆ. ಸಹೋದ್ಯೋಗಿ ಚಪ್ಪಾಳೆ ತಟ್ಟುತ್ತಾರೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಗುಡ್ಡಕ್ಕೆ ಫೋನು ಮಾಡುತ್ತಾರೆ.

"ಅಣ್ಣ, ಸಿಕ್ತು. ಹುಟ್ಟಿನಿಂದ ಹಿಡಿದು ಎಲ್ಲಾ ಇದೆ."

ಆ ಕಡೆಯಿಂದ ಮೂಗೆಳೆದುಕೊಳ್ಳುವ ಸದ್ದು. "ನೆಗಡಿ ಕಣಮ್ಮ. ಸರಿ, ಇನ್ನು ನಾನು ನೆಮ್ಮದಿಯಾಗಿ ಮನೆಗೆ ಹೋಗ್ತೀನಿ."

ನಾಳೆ ವಿಜ್ಞಾನಿಗಳು ಬರೆಯುವ ಪ್ರಬಂಧದಲ್ಲಿ ಇವರಿಬ್ಬರ ಹೆಸರೂ ಬರಲಿಕ್ಕಿಲ್ಲ. ಬೇಜಾರಿಲ್ಲವೇ ಎಂದು ಕೇಳುತ್ತೇನೆ. "ಹೆಸರು ಬಿಡಿ," ಎನ್ನುತ್ತಾರೆ ಅಕ್ಕ, ಫೋನು ಕೆಳಗಿಡುತ್ತ. "ಹನ್ನೊಂದು ವರ್ಷ ಸೂರ್ಯನ ಮೂಲೆಮೂಲೆ ನೋಡಿದೀನಿ. ಈ ಮನುಷ್ಯನ ಮುಖ ಒಂದ್ಸಲಾನೂ ನೋಡಿಲ್ಲ. ಅವರು ರಿಟೈರ್ ಆಗೋ ದಿನ ರಜೆ ಹಾಕಿ ಗುಡ್ಡ ಹತ್ತಬೇಕು. ಅಷ್ಟೇ ನನ್ನಾಸೆ."